ಯಾರು ಓದ್ತಾರೆ ಅಂತ ಬರೀತೀಯಾ?

ಓದುಗರ ಪ್ರಶ್ನೆ: ನನಗೆ 47 ವರ್ಷ. ಕೊಡಗಿನ ಚೇರಂಬಾಣೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ತವರು ಮಕ್ಕಂದೂರು ಕಡೆ. 2018ರ ಆಗಸ್ಟ್ ಮಳೆಯಲ್ಲಿ ಗುಡ್ಡ ಜಾರಿ ತವರು ಮನೆ ಹೋಯಿತು. ಪುಣ್ಯಕ್ಕೆ ಜನ ಉಳಿದರು. ಅಮ್ಮ ಈಗ ಕುಶಾಲನಗರದಲ್ಲಿ ತಮ್ಮನ ಜೊತೆ ಇದ್ದಾರೆ, ಆ ಮನೆಯ ಮಾತೇ ಎತ್ತುವುದಿಲ್ಲ. ಆ ವರ್ಷ ಒಂದು ರಾತ್ರಿ ನಿದ್ದೆ ಬಾರದೆ, ಮಗಳ ಹಳೇ ನೋಟ್‌ಬುಕ್‌ನಲ್ಲಿ ಆ ಮನೆಯಲ್ಲಿ ಏನೇನಿತ್ತು ಅಂತ ಪಟ್ಟಿ ಬರೆದೆ. ಅವತ್ತಿನಿಂದ ಬರೆಯುತ್ತಲೇ ಇದ್ದೇನೆ, ಮನಸ್ಸಿಗೆ ಬಂದಿದ್ದೆಲ್ಲ. ಈಗ 5 ನೋಟ್‌ಬುಕ್ ತುಂಬಿದೆ. ಮೊನ್ನೆ ನಮ್ಮ ಮನೆಯವರು ನೋಡಿ "ಯಾರು ಓದ್ತಾರೆ ಅಂತ ಬರೀತೀಯಾ?" ಅಂದರು. ಬೈದದ್ದಲ್ಲ, ನಿಜವಾಗಿ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗಳು ನಾಲ್ಕು ಜನಕ್ಕೆ ಓದೋಕೆ ಕೊಡು ಅನ್ನುತ್ತಾಳೆ. ನನಗೂ ಒಳಗೊಳಗೆ ಆಸೆ ಇದೆ. ಆಮೇಲೆ ಇದು ಹೆಸರಿನ ಆಸೆ ಇರಬಹುದಾ ಅಂತ ನಾಚಿಕೆಯಾಗುತ್ತದೆ. ಮನೆಯಲ್ಲಿ ನಾವು ಮಾತಾಡುವುದು ಅರೆಭಾಷೆ, ನನ್ನ ಕನ್ನಡ ಪುಸ್ತಕದ ಕನ್ನಡದ ಹಾಗಿಲ್ಲ. ನಾನು ಯಾಕೆ ಬರೆಯುತ್ತಿದ್ದೇನೆ? ಇದನ್ನು ಹಂಚಿಕೊಳ್ಳಬೇಕಾ? ಪಟ್ಟಿಯ ಮೊದಲ ಪುಟದ ಫೋಟೋ ಜೊತೆಗೆ ಕಳಿಸಿದ್ದೇನೆ.

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಪಟ್ಟಿಯನ್ನು ನಾಲ್ಕು ಸಲ. ಮೊದಲು ಪಟ್ಟಿಯ ಮಾತನ್ನೇ ಆಡುತ್ತೇನೆ. ನೀವು ಕೇಳಿದ್ದಕ್ಕೆ ಅರ್ಧ ಉತ್ತರ ಅಲ್ಲೇ ಇದೆ.

ಜಗಲಿಯಲ್ಲಿ ಅಪ್ಪನ ಕುರ್ಚಿ, ಒಂದು ಕೈ ಸಡಿಲ. ಒಲೆ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿದ ಬುಟ್ಟಿ ಎರಡು. ಕೋವಿ ನೇತು ಹಾಕುವ ಮೊಳೆ. ಒಡೆದ ಕನ್ನಡಿ, ಅಮ್ಮ ಬಿಸಾಡಲು ಬಿಡದೇ ಇದ್ದದ್ದು. ಅಡುಗೆಮನೆ ಕಿಟಕಿಯಿಂದ ಕಾಣುವ ಹಲಸಿನ ಮರ. ಹೀಗೆ 32 ಸಾಲು ಬರೆದಿದ್ದೀರಿ. ಎಲ್ಲೂ ದುಃಖ ಅನ್ನುವ ಪದ ಇಲ್ಲ, ಅಯ್ಯೋ ಅನ್ನುವುದೂ ಇಲ್ಲ. ಆದರೆ ಓದಿ ಮುಗಿಸಿದಾಗ ನಾನು ಎದ್ದು ಹೋಗಿ ನನ್ನ ಅಡುಗೆಮನೆ ಕಿಟಕಿ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ.

ಆ ವರ್ಷ ನೀವು ಅಥವಾ ನಿಮ್ಮ ತಮ್ಮ ಇನ್ನೊಂದು ಪಟ್ಟಿಯನ್ನೂ ಬರೆದಿರುತ್ತೀರಿ. ಪರಿಹಾರದ ಅರ್ಜಿಗೆ. ಗೋಡೆ ಎಷ್ಟು, ಮಾಡು ಹೆಂಚಿನದ್ದೋ ಶೀಟಿನದ್ದೋ, ದನ ಎಷ್ಟು ಹೋಯಿತು. ಆ ಪಟ್ಟಿ ಬೇಕೇ ಬೇಕು, ಅದಕ್ಕೆ ಅದರ ಕೆಲಸ ಇದೆ. ಆದರೆ ಒಡೆದ ಕನ್ನಡಿಗೆ ಅದರಲ್ಲಿ ಜಾಗ ಇಲ್ಲ. ಯಾವ ಫಾರಂನಲ್ಲೂ ಇಲ್ಲ. ನೀವು ರಾತ್ರಿ ಎದ್ದು ನೋಟ್‌ಬುಕ್‌ನಲ್ಲಿ ಈ ಪಟ್ಟಿ ಬರೆದದ್ದು ಅದಕ್ಕೇ ಅಂತ ನನಗೆ ಅನಿಸುತ್ತದೆ. ಯಾರೂ ಕೇಳದೇ ಇದ್ದದ್ದನ್ನು ಎಲ್ಲಾದರೂ ಇಡಬೇಕಿತ್ತು.

ನಾನು 31 ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳು. ಈಗ 12 ವರ್ಷದಿಂದ ಮಡಿಕೇರಿಯಲ್ಲಿ ತಿಂಗಳಿಗೊಂದು ಭಾನುವಾರ ಬರೆಯುವ ಆಸೆ ಇರುವವರನ್ನು ಕೂರಿಸಿಕೊಂಡು ಬರೆಸುತ್ತೇನೆ. ತೋಟದವರು, ಟೀಚರುಗಳು, ನಿವೃತ್ತ ಸೈನಿಕರು, ಅಂಗಡಿಯವರು, ಎಲ್ಲ ಬರುತ್ತಾರೆ. ಪ್ರತಿಯೊಬ್ಬ ಹೊಸಬರಿಗೂ ಯಾಕೆ ಬರೆಯುತ್ತೀರಿ ಅಂತ ಕೇಳುತ್ತೇನೆ. ಮೊದಲ ದಿನ ಹೇಳುವ ಕಾರಣ ಆರು ತಿಂಗಳಿಗೆ ನಿಲ್ಲುವುದು ಬಹಳ ಕಡಿಮೆ. ಮೊಮ್ಮಕ್ಕಳಿಗಾಗಿ ಅಂತ ಹೇಳಿ ಕೂತ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಇದ್ದರು. ಏಳನೇ ತಿಂಗಳು ಅವರು ಬರೆದದ್ದು ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ಗೆಳೆಯನ ಬಗ್ಗೆ, 30 ವರ್ಷದಿಂದ ಮಾತು ಬಿಟ್ಟಿದ್ದ ಗೆಳೆಯ. ಬರೆಯುವ ತನಕ ತನಗೆ ಅವನ ನೆನಪು ಇಷ್ಟು ಕಾಡುತ್ತಿದೆ ಅಂತ ಅವರಿಗೇ ಗೊತ್ತಿರಲಿಲ್ಲ. ಹಾಗಾಗಿ ನಿಮ್ಮ ಮನೆಯವರು ಕೇಳಿದಾಗ ಉತ್ತರ ಸಿಗಲಿಲ್ಲ ಅಂತ ಬೇಜಾರು ಮಾಡಬೇಡಿ. ಕಾರಣ ಮೊದಲೇ ಕೈಯಲ್ಲಿ ಇಟ್ಟುಕೊಂಡು ಬರೆಯುವವರು ಕಡಿಮೆ. ನಾವು ಏನು ಯೋಚಿಸುತ್ತಿದ್ದೇವೆ ಅನ್ನುವುದು ನಮಗೆ ಗೊತ್ತಾಗುವುದೇ ಬರೆದು ನೋಡಿದ ಮೇಲೆ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ನಮ್ಮ ಕೊಡಗಿನಲ್ಲಿ ರೈಟರ್ ಅಂದರೆ ಕಥೆ ಬರೆಯುವವರಲ್ಲ, ತೋಟದ ರೈಟರ್. ಬೆಳಿಗ್ಗೆ ಚೆಕ್‌ರೋಲ್ ಹಿಡಿದು ನಿಂತು ಯಾರು ಬಂದರು, ಯಾರು ಬರಲಿಲ್ಲ, ಯಾರಿಗೆ ಎಲ್ಲಿ ಕೆಲಸ ಅಂತ ಬರೆಯುವವರು. ಚಿಕ್ಕವಳಿದ್ದಾಗ ನನಗೆ ಗೊತ್ತಿದ್ದ ರೈಟರ್ ಅವರೊಬ್ಬರೇ. ದೊಡ್ಡವಳಾಗಿ ಸಾಹಿತ್ಯ ಓದಿದ ಮೇಲೆ ಆ ಪದಕ್ಕೆ ಬೇರೆ ಅರ್ಥ ಬಂತು, ಆದರೆ ಈ ವಯಸ್ಸಿನಲ್ಲಿ ಹಳೇ ಅರ್ಥವೇ ಹತ್ತಿರ ಅನಿಸುತ್ತದೆ. ಯಾರು ಬಂದಿದ್ದರು, ಯಾರು ಬರಲಿಲ್ಲ. ನಿಮ್ಮ 32 ಸಾಲು ಕೂಡ ಒಂದು ಮನೆಯ ಹಾಜರಿ ಅಲ್ವಾ?

ಬರೆಯುವುದು ಒಂದು ಕೆಲಸ, ಹಂಚಿಕೊಳ್ಳುವುದು ಇನ್ನೊಂದು. ಪತ್ರದಲ್ಲಿ ನೀವು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದೀರಿ, ತುಂಬಾ ಜನ ಹಾಗೇ ಕೇಳುತ್ತಾರೆ. ಬೇರೆ ಮಾಡಿ ನೋಡೋಣ.

ಬರೆಯುವುದರಿಂದ ಏನಾಗುತ್ತದೆ ಅನ್ನುವುದರ ಬಗ್ಗೆ ಸ್ವಲ್ಪ ಅಧ್ಯಯನ ನಡೆದಿದೆ. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಜೊತೆಗಾರರೊಬ್ಬರು 1986ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳನ್ನು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆಯಲು ಕೂರಿಸಿದ್ದು, ಅಷ್ಟೇ. ಕೆಲವರಿಗೆ ಸುಮ್ನೆ ಯಾವುದೋ ಸಾಧಾರಣ ವಿಷಯ ಕೊಟ್ಟರು. ಉಳಿದವರಿಗೆ ಜೀವನದಲ್ಲಿ ತುಂಬಾ ನೋಯಿಸಿದ ಒಂದು ಸಂಗತಿ. ಆಮೇಲಿನ ತಿಂಗಳುಗಳಲ್ಲಿ ಯಾರು ಎಷ್ಟು ಸಲ ಡಾಕ್ಟರ ಹತ್ತಿರ ಹೋದರು ಅಂತ ನೋಡಿದರು. ಏನಾಯಿತು ಅನ್ನುವುದನ್ನೂ ಆಗ ಏನನಿಸಿತು ಅನ್ನುವುದನ್ನೂ ಸೇರಿಸಿ ಬರೆದವರು ಕಡಿಮೆ ಸಲ ಹೋಗಿದ್ದರು. ಆದರೆ ಅವರಿಗೆ ಬರೆದ ದಿನ ಮನಸ್ಸು ಹಗುರವಾಗಿರಲಿಲ್ಲ, ಇನ್ನೂ ಭಾರವಾಗಿತ್ತು. ಅನುಕೂಲ ಆಮೇಲೆ ಬಂದದ್ದು. ಇದನ್ನು ಹೇಳುವುದು ಯಾಕೆಂದರೆ, ಬರೆದ ರಾತ್ರಿ ಅಳು ಬಂತು ಅಂತ ಹೆದರಿ ನೋಟ್‌ಬುಕ್ ಮುಚ್ಚಿಟ್ಟವರನ್ನು ನಾನು ನೋಡಿದ್ದೇನೆ. ಅಳು ಬಂದರೆ ಕೆಟ್ಟದ್ದಾಯಿತು ಅಂತ ಅರ್ಥ ಅಲ್ಲ.

ಅದೇ ಪ್ರಯೋಗವನ್ನು ಆಮೇಲೆ ಎಷ್ಟೋ ಕಡೆ ಮಾಡಿ ನೋಡಿದ್ದಾರೆ. ಸರಾಸರಿ ನೋಡಿದರೆ ಅನುಕೂಲ ಸಣ್ಣದು, ಎಲ್ಲರಿಗೂ ಸಿಗುವುದಿಲ್ಲ. ಬರೆದರೆ ಎಲ್ಲ ವಾಸಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ. ಪೆನ್ನೆಬೇಕರ್ ಆಮೇಲೆ ಜನ ಬರೆದ ಪುಟಗಳ ಒಳಗಿನ ಪದಗಳನ್ನೇ ಎಣಿಸಿ ನೋಡಿದರು. ನನಗೆ ತುಂಬಾ ಹಿಡಿಸಿದ್ದು ಅದು. ಮೊದಲ ದಿನ ಚೆಲ್ಲಾಪಿಲ್ಲಿಯಾಗಿ ಬರೆದು, ಕೊನೆಯ ದಿನದ ಹೊತ್ತಿಗೆ "ಯಾಕೆಂದರೆ", "ಈಗ ಅರ್ಥವಾಗುತ್ತದೆ" ಅನ್ನುವಂಥ ಪದಗಳಿಗೆ ಬಂದವರಿಗೆ ಜಾಸ್ತಿ ಅನುಕೂಲವಾಗಿತ್ತು. ಅಂದರೆ ಬರವಣಿಗೆ ಎಲ್ಲಿಂದಲೋ ಎಲ್ಲಿಗಾದರೂ ಹೋಗಬೇಕು. ನಿಂತಲ್ಲೇ ತಿರುಗಬಾರದು. ನಿಮ್ಮ 5 ನೋಟ್‌ಬುಕ್‌ಗಳನ್ನು ಒಂದು ಮಧ್ಯಾಹ್ನ ಸಾಲಾಗಿ ಇಟ್ಟುಕೊಂಡು ನೋಡಿ. ಮೊದಲನೆಯದರಲ್ಲಿ ಇದ್ದ ಮಾತೇ ಐದನೆಯದರಲ್ಲೂ ಹಾಗೇ ಇದೆಯಾ, ಅಥವಾ ಬೇರೆ ಏನೋ ಸೇರಿಕೊಂಡಿದೆಯಾ? ಪತ್ರ ನೋಡಿದರೆ ಸೇರಿಕೊಂಡಿದೆ ಅಂತಲೇ ಅನಿಸುತ್ತದೆ. ಒಂದು ವೇಳೆ ಅದೇ ರಾತ್ರಿಯನ್ನೇ ಮತ್ತೆ ಮತ್ತೆ ಬರೆಯುತ್ತಿದ್ದರೆ, ಮಳೆ ಜೋರಾದಾಗಲೆಲ್ಲ ನಿದ್ದೆ ಹೋಗಿ ಎದೆ ಹೊಡೆದುಕೊಳ್ಳುತ್ತಿದ್ದರೆ, ನೋಟ್‌ಬುಕ್ ಒಂದೇ ಸಾಲದು. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು. ಬರೆಯುವುದನ್ನು ಬಿಡಬೇಕಾಗಿಲ್ಲ, ಎರಡೂ ಜೊತೆಯಲ್ಲಿ ನಡೆಯಲಿ.

ಗಮನಿಸಿ, ಆ ವಿದ್ಯಾರ್ಥಿಗಳು ಬರೆದದ್ದನ್ನು ಊರಿಗೆಲ್ಲ ಓದಿ ಹೇಳಲಿಲ್ಲ. ಬರೆಯುವುದರ ಅನುಕೂಲ ಬರೆದಲ್ಲೇ ಸಿಗುತ್ತದೆ. ಹಾಗಾದರೆ ಹಂಚಿಕೊಳ್ಳುವುದು ಯಾತಕ್ಕೆ?

ಇದಕ್ಕೆ ನನ್ನ ಮನೆಯದ್ದೇ ಒಂದು ಸಂಗತಿ ಹೇಳಬೇಕು. ಸ್ವಲ್ಪ ಉದ್ದ ಇದೆ, ಕೇಳಿ.

ತೋಟ ಇರುವ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ, ನಿಮ್ಮಲ್ಲೂ ಇರಬಹುದು. ಅಂಗಳದಲ್ಲಿ ಮಳೆ ಅಳೆಯುವ ಡಬ್ಬ, ಬೆಳಿಗ್ಗೆ ಎದ್ದು ಅದರ ನೀರನ್ನು ಅಳತೆಯ ಗ್ಲಾಸಿಗೆ ಸುರಿದು ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುವುದು. ನೂರು ಸೆಂಟ್ ಆದರೆ ಒಂದು ಇಂಚು. ಬೇಸಿಗೆಯಲ್ಲಿ ಹೂಮಳೆ, ಅಂದರೆ ಕಾಫಿ ಹೂ ಬಿಡಿಸುವ ಮಳೆ, ಒಂದು ಇಂಚಾದರೂ ಬಿತ್ತಾ, ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಯಿತಾ, ಹೂ ಬಂದ ಮೇಲೆ ಇನ್ನೊಂದು ಮಳೆ ಸರಿಯಾದ ಹೊತ್ತಿಗೆ ಸಿಕ್ಕಿತಾ, ಎಲ್ಲ ಆ ಪುಸ್ತಕದಿಂದಲೇ ಗೊತ್ತಾಗುತ್ತದೆ. ನನ್ನ ಅಪ್ಪ 1968ರಿಂದ ಬರೆದದ್ದು. ಹೆಚ್ಚಾಗಿ ಬರೀ ಅಂಕಿ. ಅಲ್ಲೊಂದು ಇಲ್ಲೊಂದು ಅರ್ಧ ಸಾಲು, ಕರಿ ಹಸು ಕರು ಹಾಕಿತು, ಹೊಳೆ ಗದ್ದೆಗೆ ಬಂತು, ಈ ಥರ.

ಇಬ್ಬರೂ ಹೋದ ಮೇಲೆ, ಅಮ್ಮ ತೀರಿಕೊಂಡು ಮೂರು ವರ್ಷ ಆದ ಮೇಲೆ, ಮನೆ ಖಾಲಿ ಮಾಡುವಾಗ ಆ ಪುಸ್ತಕಗಳು ಸಿಕ್ಕಿದವು. ಸುಮ್ನೆ ಪುಟ ತಿರುಗಿಸುತ್ತಿದ್ದೆ. 1991ರ ಜುಲೈನಲ್ಲಿ ಅಕ್ಷರ ಬದಲಾಗಿತ್ತು. ಆ ತಿಂಗಳು ಅಪ್ಪ 11 ದಿನ ಆಸ್ಪತ್ರೆಯಲ್ಲಿದ್ದರು, ನಾನು ಆಗ ಊರಲ್ಲಿ ಇರಲಿಲ್ಲ. ಆ 11 ದಿನವೂ ಅಂಕಿ ಇದೆ, ಒಂದು ದಿನ ತಪ್ಪಿಲ್ಲ. ಅಮ್ಮನ ಕೈ ಅಕ್ಷರ. ಅಮ್ಮ ಮೂರನೇ ಕ್ಲಾಸು ಓದಿದವರು. ಅವರು ಏನಾದರೂ ಬರೆದದ್ದನ್ನು ನಾನು ಅಲ್ಲಿಯ ತನಕ ನೋಡಿಯೇ ಇರಲಿಲ್ಲ, ಸಹಿ ಬಿಟ್ಟರೆ. ದೊಡ್ಡ ದೊಡ್ಡ ಅಂಕಿಗಳು, ಗೆರೆಯಿಂದ ಆಚೆ ಹೋದವು. 2 ಇಂಚು 40. 3 ಇಂಚು 15. ಹನ್ನೆರಡನೇ ದಿನ 1 ಇಂಚು 75, ಅದರ ಪಕ್ಕ "ಅವರು ಬಂದರು".

ನಾನು ಸಾವಿರಾರು ಪುಟ ಸಾಹಿತ್ಯ ಓದಿಸಿದ್ದೇನೆ, ಆ ಎರಡು ಪದದ ಮುಂದೆ ಕೂತ ಹಾಗೆ ಯಾವುದರ ಮುಂದೆಯೂ ಕೂತಿಲ್ಲ. ಮತ್ತು ಕೂತಷ್ಟೂ ಪ್ರಶ್ನೆ ಬಂತು. ಆ ಗ್ಲಾಸಿನ ಗೀಟು ಓದುವುದನ್ನು ಅಮ್ಮನಿಗೆ ಯಾರು ಹೇಳಿಕೊಟ್ಟರು? ಆ ಮಳೆಯಲ್ಲಿ ದಿನಾ ಬೆಳಿಗ್ಗೆ ಅಂಗಳಕ್ಕೆ ಇಳಿದಾಗ ಏನು ಯೋಚನೆ ಮಾಡುತ್ತಿದ್ದರು? ಅಪ್ಪ ವಾಪಸ್ ಬಂದಾಗ ಪುಸ್ತಕದಲ್ಲಿ ಖಾಲಿ ಜಾಗ ಕಾಣಬಾರದು ಅಂತ ಬರೆದದ್ದಾ? ಅಪ್ಪ ಅದನ್ನು ನೋಡಿ ಏನಂದರು? ಕೇಳುವುದಕ್ಕೆ ಯಾರೂ ಇರಲಿಲ್ಲ. ಅಮ್ಮ ಇದ್ದ ಅಷ್ಟೂ ವರ್ಷ ಆ ಪುಸ್ತಕ ಅದೇ ಮನೆಯ ಕಪಾಟಿನಲ್ಲಿತ್ತು. ರಜೆಗೆ ಬಂದಾಗಲೆಲ್ಲ ನಾನು ಅದರ ಪಕ್ಕದಲ್ಲೇ ಓಡಾಡಿದ್ದೇನೆ.

ಅದಕ್ಕೇ ನನ್ನ ಉತ್ತರ ಇದು, ನಾನು ಪೂರ್ತಿ ನಂಬಿ ಹೇಳುವುದು: ಹಂಚಿಕೊಳ್ಳಿ, ಯಾಕೆಂದರೆ ಆಗ ಯಾರಾದರೂ ನಿಮ್ಮನ್ನು ಕೇಳಬಹುದು. ಬರೆದವರು ಎದುರಿಗೆ ಇದ್ದಾಗ, ಉತ್ತರ ಕೊಡಲು ಸಾಧ್ಯ ಇರುವಾಗ. ಓದುವವರು ಹೊಗಳಲಿ ಬಿಡಲಿ. ನೀವು ಬರೆಯದೇ ಬಿಟ್ಟದ್ದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಬೇರೆಯವರ ಕಣ್ಣಿಗೆ ಬೀಳುತ್ತದೆ. ಅವರು ಕೇಳುತ್ತಾರೆ, ನಿಮಗೆ ಮರೆತೇ ಹೋಗಿದ್ದ ಒಂದು ಕೋಣೆ ನೆನಪಾಗುತ್ತದೆ.

ಹೆಸರಿನ ಆಸೆಯ ವಿಷಯ. ಇರಲಿ ಬಿಡಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಹೊಸ ಅಕ್ಕಿ ಪಾಯಸ ಮಾಡಿದವರು ಬಡಿಸಿದ ಮೇಲೆ ಹೇಗಾಗಿದೆ ಅಂತ ಕೇಳುತ್ತಾರೆ. ಅದನ್ನು ಹೆಸರಿನ ಆಸೆ ಅಂತ ಯಾರೂ ಅನ್ನುವುದಿಲ್ಲ. ಆದರೂ ನಿಮಗೆ ಅನುಮಾನ ಇದ್ದರೆ ಹೀಗೆ ನೋಡಿಕೊಳ್ಳಿ. ಓದಿದವರು "ತುಂಬಾ ಚೆನ್ನಾಗಿದೆ" ಅಂದು ಪುಟ ಮಡಚಿ ಕೊಟ್ಟರೆ ನಿಮಗೆ ಸಾಕಾ? ಅಥವಾ "ಆ ಕನ್ನಡಿ ಒಡೆದದ್ದು ಹೇಗೆ?" ಅಂತ ಕೇಳಿದರೆ ಜಾಸ್ತಿ ಖುಷಿಯಾಗುತ್ತದಾ? ಎರಡನೆಯದಾದರೆ ನಿಶ್ಚಿಂತೆಯಿಂದ ಕೊಡಿ. ಮೊದಲನೆಯದೇ ಆದರೂ ಕೊಡಬಹುದು, ಆದರೆ ಸ್ವಲ್ಪ ಕಾಯಿರಿ, ಯಾಕೆಂದರೆ ಹೊಗಳಿಕೆ ಬಾರದ ದಿನ ಬರೆಯುವುದೇ ನಿಂತುಹೋಗುವ ಅಪಾಯ ಇದೆ. ನನ್ನ ಭಾನುವಾರದ ಗುಂಪಿನಲ್ಲಿ ಹಾಗೆ ನಿಲ್ಲಿಸಿದವರು ಇದ್ದಾರೆ, ಚೆನ್ನಾಗಿಯೇ ಬರೆಯುತ್ತಿದ್ದವರು. ಇವತ್ತಿಗೂ ಬೇಜಾರಾಗುತ್ತದೆ.

ಹೆಸರು ಅಂದಾಗ ನಮ್ಮ ಕೊಡಗಿನ ಗೌರಮ್ಮನ ನೆನಪಾಗುತ್ತದೆ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು, ಬರೀ 27 ವರ್ಷ. ಅಷ್ಟರಲ್ಲಿ ಬರೆದ ಕಥೆಗಳಿಂದಲೇ ಇವತ್ತಿಗೂ ಉಳಿದಿದ್ದಾರೆ. ಅವರು ಬರೆಯುತ್ತಿದ್ದದ್ದು "ಮಿಸೆಸ್ ಬಿ.ಟಿ.ಜಿ. ಕೃಷ್ಣ" ಅನ್ನುವ ಹೆಸರಿನಲ್ಲಿ. ಗೌರಮ್ಮ ಅನ್ನುವ ಸ್ವಂತ ಹೆಸರು ಅದರಲ್ಲಿ ಎಲ್ಲೂ ಇಲ್ಲ. ನಾವು ಈಗ ಅವರನ್ನು ಕರೆಯುವುದು ಕೊಡಗಿನ ಗೌರಮ್ಮ ಅಂತ, ಓದಿದ ಊರೇ ಆ ಹೆಸರನ್ನು ಹತ್ತಿರಕ್ಕೆ ತೆಗೆದುಕೊಂಡಿತು. ನಿಮಗೆ ಮೊದಮೊದಲು ಸ್ವಂತ ಹೆಸರು ಹಾಕಲು ಕಷ್ಟವಾದರೆ ಬೇರೆ ಹೆಸರಿನಲ್ಲಿ ಕೊಡಿ, ಏನೂ ತೊಂದರೆ ಇಲ್ಲ. ಯಾವಾಗ ಧೈರ್ಯ ಬರುತ್ತದೋ ಆಗ ಹಾಕಿ.

ಈಗ ಭಾಷೆ. ಇದರ ಬಗ್ಗೆ ನನಗೆ ಸ್ವಲ್ಪ ಕೋಪವೂ ಇದೆ. ನಿಮ್ಮ ಮೇಲಲ್ಲ, ನಿಮ್ಮಂಥವರ ಮನಸ್ಸಿನಲ್ಲಿ ಈ ಅಳುಕು ಹುಟ್ಟಿಸಿದ ನಮ್ಮಂಥ ಮೇಷ್ಟರುಗಳ ಮೇಲೆ. ನಿಮ್ಮ ಪಟ್ಟಿಯ ಏಳನೇ ಸಾಲು ನೋಡಿ. "ಒಲೆ ಹತ್ತಿರ ಅಜ್ಜಿಯ ಮಣೆ ಉಟ್ಟು" ಅಂತ ಬರೆದು, "ಉಟ್ಟು" ಮೇಲೆ ಗೀಟು ಹೊಡೆದು "ಇತ್ತು" ಅಂತ ಮಾಡಿದ್ದೀರಿ. ಅರೆಭಾಷೆಯ ಉಟ್ಟು ಅಂದರೆ ಇದೆ. ಮನೆಯೇ ಹೋಗಿತ್ತು, ಮಣೆ ಮಣ್ಣಿನಡಿ ಹೋಗಿತ್ತು, ಆದರೂ ನಿಮ್ಮ ಕೈ ಮೊದಲು ಬರೆದದ್ದು ಇದೆ ಅಂತ. ಆಮೇಲೆ ಶಾಲೆಯ ಕನ್ನಡ ಬಂದು ಅದನ್ನು ಇತ್ತು ಅಂತ ತಿದ್ದಿತು. ಇಡೀ ಪುಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಗೀಟು ಹೊಡೆದ ಪದ. ದಯವಿಟ್ಟು ಅದನ್ನು ಹಾಗೇ ಬಿಡಿ, ಗೀಟಿನ ಸಮೇತ. ಶುದ್ಧ ಪ್ರತಿ ಮಾಡುವಾಗ ಅಳಿಸಿ ಹಾಕಬೇಡಿ.

ಮನೆ ಮಾತು ಬರವಣಿಗೆಗೆ ಸಲ್ಲದು ಅನ್ನುವುದು ನಮ್ಮ ಜಿಲ್ಲೆಯಲ್ಲಿ ಯಾವತ್ತೋ ಸುಳ್ಳಾಗಿದೆ. ನಡಿಕೇರಿಯಂಡ ಚಿಣ್ಣಪ್ಪ ಕೊಡವ ತಕ್ಕಿನ, ಅಂದರೆ ಕೊಡವ ಭಾಷೆಯ, ಹಾಡುಗಳನ್ನು, ಪದ್ಧತಿಗಳನ್ನು ಕೂಡಿಸಿ ಕನ್ನಡ ಲಿಪಿಯಲ್ಲಿ ಬರೆದು 1924ರಲ್ಲಿ "ಪಟ್ಟೋಲೆ ಪಳಮೆ" ತಂದರು. ಅಲ್ಲಿಯ ತನಕ ಅವು ಹೆಚ್ಚಾಗಿ ಹಾಡುವವರ ಬಾಯಲ್ಲೇ ಇದ್ದವು. ಅವರು ಮಾಡಿದ್ದೂ ಅದೇ, ಗೊತ್ತಿದ್ದ ಹಿರಿಯರು ಬದುಕಿರುವಾಗ ಕೇಳಿ ಬರೆದುಕೊಂಡದ್ದು. ಅರೆಭಾಷೆಗೆ 2011ರಿಂದ ಮಡಿಕೇರಿಯಲ್ಲೇ ಅಕಾಡೆಮಿ ಇದೆ. ನೀವು ಪೂರ್ತಿ ಅರೆಭಾಷೆಯಲ್ಲಿ ಬರೆಯಿರಿ, ಪೂರ್ತಿ ಕನ್ನಡದಲ್ಲಿ ಬರೆಯಿರಿ, ಅಥವಾ ಈಗಿನ ಹಾಗೆ ಕನ್ನಡದ ನಡುವೆ ಅದು ತಾನಾಗಿ ಬಂದಾಗ ಬರಲಿ. ನನ್ನ ಅಭಿಪ್ರಾಯ ಕೇಳಿದರೆ ಮೂರನೆಯದು. ನಿಮ್ಮ ಅಮ್ಮ ಆಡಿದ ಮಾತನ್ನಂತೂ ಅವರು ಆಡಿದ ಹಾಗೇ ಬರೆಯಿರಿ. ಅಮ್ಮನ ಬಾಯಲ್ಲಿ ಪುಸ್ತಕದ ಕನ್ನಡ ಹಾಕಿದರೆ ಅದು ಅಮ್ಮ ಆಗುವುದಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು, ಇದು ನಾನು ತಪ್ಪು ಮಾಡಿ ಕಲಿತದ್ದು. ತುಂಬಾ ವರ್ಷದ ಹಿಂದೆ ನಮ್ಮ ಕುಟುಂಬದಲ್ಲಿ ಪಾಲಾದ ಕಥೆಯನ್ನು ಬರೆದು ಒಂದು ವಾರಪತ್ರಿಕೆಗೆ ಕೊಟ್ಟೆ. ಹೆಸರು ಬದಲಿಸಿದ್ದೆ. ಆದರೆ ಇದು ಕೊಡಗು, ಗದ್ದೆ ಯಾವ ದಿಕ್ಕಿಗಿದೆ ಅಂದರೆ ಸಾಕು, ಮನೆ ಯಾವುದು ಅಂತ ಹೇಳುವವರು ಹತ್ತು ಜನ ಇರುತ್ತಾರೆ. ನನ್ನ ಅಕ್ಕ ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಬಂದು ಹೇಳಿದಳು, "ಅವತ್ತು ಅಮ್ಮ ಅತ್ತದ್ದು ನನ್ನ ಹತ್ತಿರ. ಅದನ್ನು ನಿನಗೆ ಹೇಳಿದವಳು ನಾನು. ನೀನು ಎದುರಿಗೇ ನಿಂತು ನೋಡಿದವಳ ಹಾಗೆ ಬರೆದೆ." ಅವಳು ಹೇಳಿದ್ದು ನಿಜ. ಬರೆದದ್ದರಲ್ಲಿ ಒಂದೂ ಸುಳ್ಳು ಇರಲಿಲ್ಲ, ಆದರೆ ಅದು ಅವಳಿಂದ ಸಾಲ ತಂದದ್ದು, ಕೇಳದೆ ತಂದದ್ದು. ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಪುಟದಲ್ಲಿ ಇರುವವರು ಬದುಕಿದ್ದರೆ ಮೊದಲು ಅವರಿಗೆ ಓದಿ ಹೇಳುತ್ತೇನೆ. ಬೇಡ ಅಂದರೆ ಆ ಪುಟ ನನ್ನ ಹತ್ತಿರವೇ ಇರುತ್ತದೆ. ನೋಟ್‌ಬುಕ್‌ನಲ್ಲಿ ಏನು ಬೇಕಾದರೂ ಬರೆಯಿರಿ, ಅಲ್ಲಿ ಯಾರ ಅಪ್ಪಣೆಯೂ ಬೇಡ. ಮನೆಯಿಂದ ಹೊರಗೆ ಕಳಿಸುವಾಗ ಮಾತ್ರ ಕೇಳಿ.

ಹಾಗಾಗಿ ನಾಲ್ಕು ಜನಕ್ಕೆ ಕೊಡುವ ಮೊದಲು ಒಬ್ಬರಿಗೆ ಕೊಡಿ. ಆ ಒಬ್ಬರು ಯಾರು ಅಂತ ನಿಮಗೂ ಗೊತ್ತಿದೆ ಅಂದುಕೊಂಡಿದ್ದೇನೆ. ಕುಶಾಲನಗರ ಏನು ದೂರ ಅಲ್ಲ. ಅಮ್ಮ ಆ ಮನೆಯ ಮಾತು ಎತ್ತುವುದಿಲ್ಲ ಅಂತ ಬರೆದಿದ್ದೀರಿ. ಎತ್ತುವುದಿಲ್ಲ ಅಂದರೆ ಬೇಡ ಅಂತಲೇ ಇರಬಹುದು, ಯಾರೂ ಕೇಳಲಿಲ್ಲ ಅಂತಲೂ ಇರಬಹುದು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ನೋಟ್‌ಬುಕ್ ತೆಗೆದುಕೊಂಡು ಹೋಗಿ, ಆದರೆ ಹೋದ ಕೂಡಲೇ ಓದಲು ಶುರು ಮಾಡಬೇಡಿ. ಊಟ ಆಗಲಿ. "ನಮ್ಮ ಮನೆ ಸಾಮಾನಿನ ಪಟ್ಟಿ ಒಂದು ಬರೆದಿದ್ದೇನೆ, ಓದಲಾ?" ಅಂತ ಕೇಳಿ. ತಲೆ ಅಲ್ಲಾಡಿಸಿದರೆ ಅಲ್ಲಿಗೇ ಬಿಡಿ, ಇನ್ನೊಂದು ಸಲ ನೋಡೋಣ. ಸುಮ್ಮನೆ ಕೂತರೆ ಐದು ಸಾಲು ಓದಿ. ಕನ್ನಡಿಯ ಸಾಲಿಗೆ ಬಂದಾಗ ನಿಲ್ಲಿಸಿ, ಯಾಕೆ ಬಿಸಾಡಲು ಬಿಡಲಿಲ್ಲ ಅಂತ ಕೇಳಿ. ಅಮ್ಮ ಹೇಳಿದರೆ ಆಗಲೇ ಬರೆದುಕೊಳ್ಳಬೇಡಿ. ಅವರ ಮುಖ ನೋಡುತ್ತಾ ಕೇಳಿ. ವಾಪಸ್ ಬರುವಾಗ ಬಸ್ಸಿನಲ್ಲಿ ಬರೆದುಕೊಳ್ಳಿ.

ತಮ್ಮನಿಗೂ ಕೊಡಬಹುದು, ಅವನ ನೆನಪು ಬೇರೆ ಇರುತ್ತದೆ. ಅವನು "ಕುರ್ಚಿಯ ಕೈ ಸಡಿಲ ಇರಲಿಲ್ಲ, ಕಾಲು ಸಡಿಲ ಇದ್ದದ್ದು" ಅಂತ ಜಗಳ ಮಾಡಬಹುದು. ಮಾಡಲಿ. ಇಬ್ಬರದ್ದನ್ನೂ ಬರೆದಿಡಿ.

ನಿಮ್ಮ ಮನೆಯವರ ಪ್ರಶ್ನೆ ಉಳಿಯಿತು. ಯಾರು ಓದ್ತಾರೆ ಅಂತ ಅವರು ನಿಜವಾಗಿ ಕೇಳಿದ್ದು ಅಂತ ನೀವೇ ಬರೆದಿದ್ದೀರಿ, ಹಾಗೆ ಗುರುತಿಸಿದ್ದು ನನಗೆ ಇಷ್ಟವಾಯಿತು. ಇಷ್ಟು ವರ್ಷ ರಾತ್ರಿ ಕೂತು ಹೆಂಡತಿ ಏನೋ ಬರೆಯುತ್ತಾಳೆ, ಏನು ಅಂತ ಗೊತ್ತಿಲ್ಲ. ತನ್ನ ಬಗ್ಗೆ ಇದೆಯಾ ಅನ್ನುವ ಯೋಚನೆಯೂ ಬಂದಿರುತ್ತದೆ, ಅದು ಸಹಜ. 5 ನೋಟ್‌ಬುಕ್‌ನಲ್ಲಿ ಅವರಿರುವ ಒಂದು ಪುಟವಾದರೂ ಇರುತ್ತದೆ ಅಲ್ವಾ? ಮೆಣಸು ಕೊಯ್ಯುವ ದಿನದ್ದೋ, ಆ ಆಗಸ್ಟ್‌ನಲ್ಲಿ ರಸ್ತೆ ಬಂದ್ ಆಗಿದ್ದಾಗ ನಿಮ್ಮನ್ನು ತವರಿನವರ ಹತ್ತಿರ ಹೇಗೆ ತಲುಪಿಸಿದರು ಅನ್ನುವುದೋ. ಒಂದು ಸಂಜೆ ಆ ಪುಟ ಓದಿ ಹೇಳಿ. ಆಮೇಲೆ ಅವರು ಅದೇ ಪ್ರಶ್ನೆ ಕೇಳುತ್ತಾರಾ ನೋಡಿ.

ಇನ್ನು ಸಣ್ಣ ಪುಟ್ಟದ್ದು. ನಮ್ಮ ಮಳೆಗೆ ಕಾಗದ ಬೂಸ್ಟು ಹಿಡಿಯುತ್ತದೆ, ನಿಮಗೆ ನಾನು ಹೇಳಬೇಕಾಗಿಲ್ಲ. ಜೆಲ್ ಪೆನ್ನಿನ ಶಾಯಿ ಥಂಡಿಗೇ ಹರಡುತ್ತದೆ, ಬಾಲ್ ಪೆನ್ನಿನಲ್ಲೇ ಬರೆಯಿರಿ. ನೋಟ್‌ಬುಕ್‌ಗಳನ್ನು ಮುಚ್ಚಳ ಗಟ್ಟಿ ಇರುವ ಡಬ್ಬದಲ್ಲಿ ಇಡಿ, ಬಿಸಿಲು ಬಂದ ದಿನ ಹೊರಗೆ ತೆಗೆಯಿರಿ. ಪ್ರತಿ ಪುಟಕ್ಕೂ ತಾರೀಕು ಹಾಕಿ, ವರ್ಷದ ಸಮೇತ. ಮಗಳಿಗೆ ಹೇಳಿ ಎಲ್ಲ ಪುಟಗಳ ಫೋಟೋ ತೆಗೆಸಿ ಎರಡು ಕಡೆ ಇಡಿಸಿ. ಒಂದು ಮನೆ ಕಳೆದುಕೊಂಡು ಬರೆದ ಪುಟಗಳು ಇವು, ಒಂದೇ ಕಡೆ ಇರುವುದು ಬೇಡ.

ನಾನೂ ಈಗ ನೀವು ಬರೆದದ್ದನ್ನು ಓದಿದವಳೇ ಅಲ್ವಾ, ಹಾಗಾಗಿ ನನ್ನದೂ ಒಂದು ಪ್ರಶ್ನೆ ಇದೆ. ಅಡುಗೆಮನೆ ಕಿಟಕಿಯಿಂದ ಕಾಣುವ ಹಲಸಿನ ಮರ ಅಂತ ಬರೆದಿದ್ದೀರಿ. ಅದು ಗಟ್ಟಿ ತೊಳೆಯ ಬಕ್ಕೆಯೋ, ಮೆತ್ತನೆಯ ತುಳುವೆಯೋ? ಮರ ಯಾರು ನೆಟ್ಟದ್ದು? ಗುಡ್ಡದ ಜೊತೆ ಅದೂ ಹೋಯಿತಾ, ಅಥವಾ ನಿಂತಿದೆಯಾ? ನಿಮಗೆ ಗೊತ್ತಿಲ್ಲದಿದ್ದರೆ ಅಮ್ಮನನ್ನು ಕೇಳಿ ಬರೆಯಿರಿ.